ನಮ್ಮ ಹತ್ತಿ ಚಡ್ಡಿಗಳಿಗೆ ಒಂದಿಷ್ಟು ಬಿಸಿಲು ಕೊಡಿ

ಮಾನ್ಯ ನಿಲಯಾಧಿಕಾರಿಗಳೇ,

ನರ್ಸಿಂಗ್ ಶಾಲೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇನ್ನು ಮುಂದೆ ಹತ್ತಿಯ ಒಳಉಡುಪು ನಿಷಿದ್ಧ, ಬೇಗ ಒಣಗುವ ನೈಲಾನಿನದನ್ನೇ ತೊಡತಕ್ಕದ್ದು ಎಂಬ ತಮ್ಮ ಸುತ್ತೋಲೆಯನ್ನು ಓದಿದೆ. ಅದಕ್ಕೆ ಮೂರು ಮೊಹರುಗಳಿವೆ. ಚಡ್ಡಿಗೆ ಇಷ್ಟೊಂದು ಸರಕಾರಿ ಮರ್ಯಾದೆ ನಮ್ಮ ಹತ್ತಿ ಸೀಮೆಯಲ್ಲಿ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಆ ನಿಷಿದ್ಧ ವಸ್ತುವನ್ನು ಹೊಲಿಯುವವಳು ನಾನೇ. ಮ್ವಾನ್ಜಾ ಪಟ್ಟಣದ ಬಸ್ಸು ನಿಲ್ಲುವಲ್ಲಿ, ಹಿಟ್ಟಿನ ಗಿರಣಿಯ ಪಕ್ಕ ನನ್ನ ಅಂಗಡಿ.

ಹತ್ತಿ ಒಣಗುವುದಿಲ್ಲ, ಕೋಣೆ ಮುಗ್ಗಲು ವಾಸನೆ ಹೊಡೆಯುತ್ತದೆ ಎಂಬುದು ತಮ್ಮ ದೂರು. ನಿಜವೇ. ಆದರೆ ಯಾಕೆ ಒಣಗುವುದಿಲ್ಲ? ನಮ್ಮಲ್ಲಿ ಹೆಂಗಸರ ಒಳಉಡುಪು ಬಿಸಿಲು ಕಂಡರೆ ಮನೆಯ ಮಾನವೇ ಹೋದಂತೆ. ಹಾಗಾಗಿ ತಂತಿಗೆ ಹಾಕಿ ಮೇಲೊಂದು ಕಾಂಗಾ, ಅಂದರೆ ನಾವು ಸೊಂಟಕ್ಕೆ ಸುತ್ತುವ ಬಟ್ಟೆ, ಹೊದಿಸುತ್ತೇವೆ. ನನ್ನಮ್ಮ ಎರಡು ಹೊದಿಸುತ್ತಿದ್ದಳು, ಒಂದು ಗಾಳಿಗೆ ಹೆದರಿ, ಇನ್ನೊಂದು ನೆರೆಯವರಿಗೆ ಹೆದರಿ. ಈ ಮುಸುಕು ನಮ್ಮದೇ ದಡ್ಡತನ, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಜೂನಿನಲ್ಲಿ ಮೇಲಧಿಕಾರಿಗಳು ಬಂದ ದಿನ ಗಾಳಿಗೆ ಕಾಂಗಾ ಹಾರಿ, ಹನ್ನೊಂದು ಚಡ್ಡಿಗಳು ಅತಿಥಿಗಳಿಗೆ ದರ್ಶನ ಕೊಟ್ಟವು. ತಾವು ಅಂದೇ ತಂತಿಯನ್ನು ಕೀಳಿಸಿದಿರಿ. ಅಂದಿನಿಂದ ಹುಡುಗಿಯರು ಮಂಚದ ಕೆಳಗೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಅಲ್ಲಿ ಹತ್ತಿಯಿರಲಿ, ಮೀನೂ ಒಣಗದು. ಎದುರಿನ ಗಂಡಸರ ಹಾಸ್ಟೆಲನ್ನು ತಾವು ಎಂದಾದರೂ ಕತ್ತೆತ್ತಿ ನೋಡಿದ್ದೀರಾ? ಬೇಲಿ, ಕಿಟಕಿ, ಮಾವಿನ ಕೊಂಬೆ, ಎಲ್ಲೆಲ್ಲೂ ಚಡ್ಡಿಗಳು ಆರಾಮವಾಗಿ ತೂಗಾಡುತ್ತಿವೆ. ನಿಜಕ್ಕೂ ಕಾಂಗಾ ಹೊದಿಸಬೇಕಾದಷ್ಟು ತೂತುಗಳು ಇರುವುದು ಅವುಗಳಲ್ಲಿ.

ನನ್ನ ಅಣ್ಣನ ಮಗಳು ನ್ಯಾಮಿಜಿಗೆ ಇಪ್ಪತ್ತೆರಡು ವರ್ಷ, ಅದೇ ಹಾಸ್ಟೆಲಿನಲ್ಲಿದ್ದಾಳೆ. ಕಳೆದ ಶನಿವಾರ ಕಾಲು ಅಗಲಿಸಿಕೊಂಡು ಅಂಗಡಿಗೆ ಬಂದಳು.

"ಏನೇ ಇದು, ಬಾತುಕೋಳಿ ಥರ ಬರ್ತಿದ್ದೀಯ?"

"ನಗ್ಬೇಡ ಅತ್ತೆ. ಎಲ್ಲಾ ಆ ನೈಲಾನಿಂದು. ಬೆವರಿ ಬೆವರಿ ತೊಡೆ ಸುಲಿದು ಹೋಗಿದೆ. ವಾರ್ಡಲ್ಲಿ ದಿನವಿಡೀ ನಿಂತೇ ಇರ್ಬೇಕು."

"ನಾನು ಹೊಲಿದ ಹತ್ತೀದು ಹಾಕ್ಕೊಂಡು ಹೋಗು. ಯಾರು ಬಂದು ನೋಡ್ತಾರೆ?"

"ಕೋಣೆ ತಪಾಸಣೆಗೆ ಬರೋ ಮೇಟ್ರನ್ ನೋಡ್ತಾರೆ. ಮಂಚದ ಕೆಳಗೆ ಬಗ್ಗಿ ನೋಡ್ತಾರೆ. ಒಂದ್ಸಲ ಸಿಕ್ಕಿಬಿದ್ದಿದ್ದೀನಿ. ಇನ್ನೊಂದ್ಸಲ ಸಿಕ್ಕಿದ್ರೆ ಹಾಸ್ಟೆಲ್ ಖಾಲಿ ಮಾಡಿಸ್ತಾರಂತೆ. ಆಮೇಲೆ ಓದೋದು ಎಲ್ಲಿಂದ?"

ಅಲ್ಲಿಗೆ ನನ್ನ ನಗು ನಿಂತಿತು, ಸಿಟ್ಟು ಬಂತು. ರೋಗಿಗಳ ಗಾಯ ತೊಳೆಯಲು ಕಲಿಯುತ್ತಿರುವ ಹುಡುಗಿ ತನ್ನ ಚಡ್ಡಿಯ ದೆಸೆಯಿಂದ ಓದು ಬಿಡಬೇಕೇ?

ನೈಲಾನು ಗಟ್ಟಿಮುಟ್ಟು ಎಂದು ತಾವು ಬರೆದಿದ್ದೀರಿ. ಒಪ್ಪಿದೆ, ಪರೀಕ್ಷೆಯನ್ನೂ ಮಾಡಿದ್ದೇನೆ. ಹೋದ ಮಳೆಗಾಲಕ್ಕೆ ಮೊದಲು ಮರಗೆಣಸಿನ ಪಾತಿಯಲ್ಲಿ ಹಳೆಯ ಹತ್ತಿಯದೊಂದು, ನೈಲಾನಿನದೊಂದು ಹೂತೆ. ಮಳೆ ಮುಗಿದ ಮೇಲೆ ಅಗೆದರೆ ಹತ್ತಿ ಮಣ್ಣಾಗಿತ್ತು. ಎಲಾಸ್ಟಿಕ್ ಮಾತ್ರ ಉಳಿದಿತ್ತು, ಅದಕ್ಕೆ ನನ್ನ ಬಳಿ ಇನ್ನೂ ಉಪಾಯವಿಲ್ಲ. ನೈಲಾನು ಹೂತ ಹಾಗೆಯೇ ಮೇಲೆ ಬಂತು. ಪಕ್ಕದ ಗಿರಣಿ ನಡೆಸುವ ಗೆಳತಿ ಹೋಲೋ ಅದನ್ನು ಕೋಲಿನಲ್ಲಿ ಎತ್ತಿ ನೋಡಿದಳು.

"ಕಬುಲಾ, ತೊಳೆದ್ರೆ ಇನ್ನೂ ಹತ್ತು ವರ್ಷ ಬಾಳಿಕೆ ಬರುತ್ತೆ ಕಣೆ."

"ಹಂಗಾದ್ರೆ ನೀನೇ ಇಟ್ಕೊ."

"ನನ್ನ ಅಳತೆ ಅಲ್ಲ. ಇಲ್ದಿದ್ರೆ ಯೋಚ್ನೆ ಮಾಡ್ಬಹುದಿತ್ತು."

ನಮ್ಮ ಹೊಲದಲ್ಲಿ ಬೆಳೆದು ನಮ್ಮ ಮಣ್ಣಿಗೇ ಮರಳುವ ಬಟ್ಟೆಯನ್ನು ಬಿಟ್ಟು, ದಾರ್ ಎಸ್ ಸಲಾಮಿನ ಬಂದರಿಗೆ ಹಡಗಿನಲ್ಲಿ ಬಂದು, ನಾವು ಸತ್ತರೂ ಸಾಯದ ಬಟ್ಟೆಯನ್ನು ಮೈಗೆ ಅಂಟಿಸಿಕೊಳ್ಳಿ ಎನ್ನುವುದು ಯಾವ ಶಿಸ್ತು, ಸ್ವಾಮೀ?

ಮೊನ್ನೆ ಸೋಮವಾರದ ಸಂಗತಿ ತಮ್ಮ ಕಿವಿಗೆ ಬಿದ್ದಿರಲಾರದು. ತಾಯಂದಿರ ಚಿಕಿತ್ಸಾಲಯದಲ್ಲಿ ಪಾಠ ಹೇಳುವ ಸರದಿ ನ್ಯಾಮಿಜಿಯದಾಗಿತ್ತು. ಹತ್ತಿಯದನ್ನೇ ತೊಡಿ, ಬಿಸಿಲಿನಲ್ಲಿ ಒಣಗಿಸಿ ಎಂಬುದು ಆ ಪಾಠ. ತಮ್ಮ ಶಾಲೆಯ ಪುಸ್ತಕದಲ್ಲೇ ಅದು ಇದೆ. ಮುಂದಿನ ಬೆಂಚಿನ ಹೆಂಗಸೊಬ್ಬಳು ಕೇಳಿದಳಂತೆ, "ಬಿಸಿಲಲ್ಲಿ ಹಾಕಕ್ಕೆ ನಾಚ್ಕೆ ಆಗುತ್ತೆ ಸಿಸ್ಟರ್. ನೀವು ನಿಮ್ದನ್ನ ಎಲ್ಲಿ ಒಣಗಿಸ್ತೀರ?"

ಹುಡುಗಿ "ಬಿಸಿಲಲ್ಲೇ" ಎಂದಳು. ರೋಗಿಗಳ ಮುಂದೆ ತಾನು ಹೇಳಿದ ಮೊದಲ ಸುಳ್ಳು ಅದು ಎಂದು ನನ್ನೆದುರು ಅತ್ತಳು.

ಅವಳನ್ನು ಸಮಾಧಾನ ಮಾಡಿ ಕಳಿಸಿ, ಮರುದಿನ ಬೆಳಿಗ್ಗೆ ನನ್ನ ಚಡ್ಡಿಗಳನ್ನು ಅಂಗಡಿಯ ಮುಂದೆ, ಕಾಂಗಾ ಇಲ್ಲದೆ, ತಂತಿಗೆ ಹಾಕಿದೆ. ಬಸ್ಸಿನವರು ನೋಡಿದರು, ಒಬ್ಬಳು ಇಳಿದು ಬಂದು ಅಂಗಡಿಯಲ್ಲಿದ್ದ ಹೊಸವು ಎರಡು ಕೊಂಡಳು. ಮಾನ ಇದ್ದಲ್ಲೇ ಇದೆ.

ಆದ್ದರಿಂದ ಸುತ್ತೋಲೆಯನ್ನು ಹಿಂದಕ್ಕೆ ಪಡೆಯಿರಿ, ಹಾಸ್ಟೆಲಿನ ಹಿಂದೆ ಎರಡು ಕಂಬ ನೆಟ್ಟು ತಂತಿ ಕಟ್ಟಿಸಿ. ಬರುವ ಸೋಮವಾರದೊಳಗೆ ಆಗಲಿ. ಆಗದಿದ್ದರೆ ಆ ದಿನದ ಪಾಠಕ್ಕೆ ತಾವೇ ದಯಮಾಡಿಸಿ, ತಾಯಂದಿರು ಕೇಳಿದಾಗ "ಮಂಚದ ಕೆಳಗೆ" ಎಂದು ತಮ್ಮ ಬಾಯಿಂದಲೇ ಹೇಳಿ.

ಇಂತಿ,
ತಮ್ಮ ಸುತ್ತೋಲೆಯಂತೆ ಅಪರಾಧಿ, ತಮ್ಮ ಪಠ್ಯಪುಸ್ತಕದಂತೆ ನಿರಪರಾಧಿ,
ದರ್ಜಿ ಕಬುಲಾ ಮಸಂಜಾ