ಹೆಸರಿನ ಕೊನೆಯ ‘ಸ್’

ಮೇ 9, ಶುಕ್ರವಾರ

ಬಲಗೈ ಊದಿಕೊಂಡಿದೆ, ಪೆನ್ನು ಕೈಯಲ್ಲಿ ನಿಲ್ಲುತ್ತಿಲ್ಲ. ಸಿಟ್ಟೂ ಇಳಿದಿಲ್ಲ.

ಹೋದ ವರ್ಷ ಈಸ್ಟರ್ ದಿನ ಹೆಂಡತಿಯ ಅಣ್ಣ ಸಕೆಲ್ಲಾರಿಸ್, ನಮ್ಮೂರ ಹಬ್ಬದ ಪದ್ಧತಿಯಂತೆ, ಗುಡ್ಡದ ಮೇಲಿಂದ ಎಸೆದ ಡೈನಮೈಟು ನನ್ನ ಪಕ್ಕದಲ್ಲೇ ಸಿಡಿದು ಕಿವಿ ಅರ್ಧ ಹೋಯಿತು. ಅಂದಿನಿಂದ ನಮಗೆ ಮಾತಿಲ್ಲ. ತಪ್ಪಾಯಿತು ಎಂದು ಒಮ್ಮೆ ಅನ್ನಲಿ ಎಂದು ಕಾದೆ.

ಇವತ್ತು ಮಧ್ಯಾಹ್ನ ಬಂದರಿನ ಕಾಫಿ ಅಂಗಡಿಯಲ್ಲಿ ಬೆನ್ನ ಹಿಂದಿನಿಂದ ಅವನ ದನಿ ಕೇಳಿಸಿತು, “ಥೆಮೆಲಿ.” ಕರೆದನಲ್ಲ ಎಂದು ಎದೆ ತುಂಬಿ ಬಂತು. ಕೈ ಚಾಚಿಕೊಂಡೇ ಅವನ ಮೇಜಿಗೆ ಹೋದೆ.

“ನಿನ್ನ ಯಾರೋ ಕರೆದದ್ದು? ಥೆಮೆಲಿಸ್ ಆವತ್ತು ಕುಡಿದು ತಾನೇ ಬಂದು ಡೈನಮೈಟಿಗೆ ಅಡ್ಡ ನಿಂತ ಅಂತ ಇವರಿಗೆ ಹೇಳ್ತಿದ್ದೆ, ಅಷ್ಟೇ.”

ಮೇಜಿಗೆ ಮೇಜೇ ನಕ್ಕಿತು.

ಕರೆದರೆ ಥೆಮೆಲಿ, ಆಡಿಕೊಂಡರೆ ಥೆಮೆಲಿಸ್. ನಮ್ಮ ಗ್ರೀಕ್ ಭಾಷೆಯಲ್ಲಿ ಎರಡರ ನಡುವೆ ಇರುವುದು ಆ ಒಂದು ‘ಸ್’. ಕಿವಿಯ ನರದ ಒಂದೊಂದು ಎಳೆಗೂ ಒಂದೊಂದು ಸ್ವರವಂತೆ. ಯಾವ ಎಳೆ ಮಿಡಿಯಿತು ಎಂಬುದರಿಂದಲೇ ಮಿದುಳು ಸದ್ದನ್ನು ಗುರುತಿಸುವುದಂತೆ. ಕಿವಿ ನೋಡಿದ ಡಾಕ್ಟರಮ್ಮ ಹೇಳಿದ್ದರು. ನನ್ನಲ್ಲಿ ಸತ್ತಿರುವುದು ಚೂಪು ಸದ್ದಿನ ಎಳೆಗಳು. ‘ಸ್’ ಬರಬೇಕಾದ ದಾರಿಯೂ ಅದೇ.

ಚಾಚಿದ ಕೈಯನ್ನೇ ಬೀಸಿ ಅವನ ಕಿವಿಗೆ ಬಾರಿಸಿದೆ. ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಅದೇ ಕಿವಿಗೆ ಬಾರಿಸಿದೆ, ರಕ್ತ ಬರುವ ತನಕ.

ಹೆಂಡತಿ ಕಲೋಟಿನಾ ಆಸ್ಪತ್ರೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಎದುರು ನಿಂತಳು. “ಅಣ್ಣನಿಗೆ ಆ ಕಿವಿ ಕೇಳಿಸ್ತಿಲ್ಲ. ಹೊಟ್ಟೆ ತಣ್ಣಗಾಯ್ತಾ?”

ಆಗಲಿಲ್ಲ.

ಈಗ ಪಕ್ಕದ ಕೋಣೆಯಲ್ಲಿ ಅಳುತ್ತಾ ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ. ನಡುವೆ ‘ಥೆಮೆಲಿ’ ಎಂದು ಕೇಳಿಸಿತು. ಕರೆದಳೋ, ಆಡಿಕೊಂಡಳೋ. ಎದ್ದು ಹೋಗಲೋ, ಬೇಡವೋ