ತಿರುಗಿಹೋದ ನಾಬ್‌ಗಳು

ಮಾರ್ಚ್ ೧೪, ಶುಕ್ರವಾರ

ಧೂಳು ಒರೆಸಲು ಹೋಗಿ ನನ್ನ ಗಂಡನ ಡಿಸ್ಟಾರ್ಷನ್ ಪೆಡಲಿನ, ಅದೇ ಗಿಟಾರಿನ ದನಿಯನ್ನು ಒರಟಾಗಿಸುವ ಡಬ್ಬಿಯ, ನಾಬ್‌ಗಳನ್ನೆಲ್ಲ ತಿರುಗಿಸಿಬಿಟ್ಟೆ! ಟೂರಿಗೆ ಹೊರಡುವ ಮುನ್ನ ನನಗೆಂದೇ ಹೊಂದಿಸಿಟ್ಟಿದ್ದ ಆ ಮುದ್ದು ಗೊರಗೊರ ದನಿ ಹೋಯಿತು. ನುಡಿಸಲು ಬಾರದಿದ್ದರೂ ದಿನವೂ ಒಂದು ತಂತಿ ಮೀಟಿ ಕೇಳುತ್ತಿದ್ದೆ. ಇವತ್ತು ಕೆಂಪು ಗಿಟಾರನ್ನು ಚಿಕ್ಕ ಆಂಪ್ಲಿಫೈಯರ್‌ಗೆ ಹಾಕಿದರೆ ಜೇನುನೊಣ, ದೊಡ್ಡದಕ್ಕೆ ಹಾಕಿದರೆ ಕೆಟ್ಟುಹೋದ ಮಿಕ್ಸಿ. ಕಪ್ಪು ಗಿಟಾರ್ ಎರಡರಲ್ಲೂ ಕಿರುಚಿತು. ಅಳುತ್ತಲೇ ಫೋನ್ ಮಾಡಿದೆ.

“ಲೇ ಹುಚ್ಚಿ, ಇದಕ್ಕೆಲ್ಲ ಅಳ್ತಾರೇನೇ? ಬಂದು ಸರಿಮಾಡ್ತೀನಿ ಬಿಡು.”

“ಯಾವಾಗ ಬರ್ತೀಯ?”

“ಇನ್ನೂ ಎರಡು ಊರು ಸೇರಿಸಿದಾರೆ ಕಣೇ.”

ಒಂಚೂರೂ ಬೈಯಲಿಲ್ಲ, ಎಂಥ ಗಂಡ ನನಗೆ! ಆದರೂ ಮನೆಯೆಲ್ಲ ಭಣಭಣ. ದೊಡ್ಡ ಆಂಪ್ಲಿಫೈಯರ್ ಇನ್ನೂ ಆರಿಸಿಲ್ಲ. ಯಾರೂ ನುಡಿಸದಿದ್ದರೂ ಅದು ಸಣ್ಣಗೆ ಗುಂಯ್‌ಗುಡುತ್ತಿದೆ. ಕಣ್ಣು ಮುಚ್ಚಿದರೆ ಥೇಟ್ ಅವನ ಗೊರಕೆ. ದೀಪ ಆರಿಸುತ್ತೇನೆ, ಅದನ್ನು ಮಾತ್ರ ಆರಿಸುವುದಿಲ್ಲ.