ಪರಿಮಳದ್ದು ಅಂದಿದ್ದೆ

ಮಾರ್ಚ್ ೧೨, ಗುರುವಾರ

ಮಗಳ ರಕ್ತ ಸರಿಯಿಲ್ಲವಂತೆ. "ಮನೆಯಲ್ಲಿ ಬೆಂಜೀನ್ ಬಳಸ್ತಿದ್ರಾ?" ಎಂದು ಡಾಕ್ಟರು ಕೇಳಿದಾಗ ಅವಳೇ "ಇಲ್ಲ" ಅಂದಳು. ನಾನು ಬಾಯಿ ಬಿಡಲಿಲ್ಲ.

ಕೆಲಸದ ಪ್ರಿಂಟಿಂಗ್ ಪ್ರೆಸ್ಸಿನಿಂದ ಬೆಂಜೀನ್ ಡಬ್ಬ ತರುತ್ತಿದ್ದವನು ನಾನೇ. ನನ್ನ ಅಂಗಿಯ ಮಸಿ ಕಲೆಯನ್ನು ಹೆಂಡತಿ ಅದರಲ್ಲೇ ಉಜ್ಜುತ್ತಿದ್ದಳು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು. "ರೀ, ತಲೆ ತಿರುಗತ್ತೆ, ಡಬ್ಬದ ಮೇಲೇನಿದೆ ನೋಡಿ" ಅಂದಿದ್ದಳು. ಆರೋಮ್ಯಾಟಿಕ್ ಎಂದಿತ್ತು. "ಪರಿಮಳದ್ದು ಕಣೇ" ಅಂದೆ. "ಕಾಲೇಜು ಮೆಟ್ಟಿಲು ಹತ್ತಿದ ಗಂಡ" ಎಂದು ನಕ್ಕಳು. ಕೆಳಗೆ ಕಾರ್ಸಿನೋಜನ್ ಎಂದೂ ಇತ್ತು. ಕ್ಯಾನ್ಸರ್ ತರುವಂಥದ್ದು ಎಂಬ ಅರ್ಥ ಆಗ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನಲು ನಾಚಿಕೆ. ಹೆಂಡತಿ ರಕ್ತದ ಕ್ಯಾನ್ಸರಿನಲ್ಲೇ ಹೋದಳು.

ಈಗತಾನೇ ಮಗಳು ರಿಪೋರ್ಟ್ ಹಿಡಿದು ಬಂದು "ಅಪ್ಪಾ, ಈ ಪದಕ್ಕೇನರ್ಥ?" ಅಂದಳು. ಗೊತ್ತಿರಲಿಲ್ಲ. "ಅಂಥದ್ದೇನಿಲ್ಲ ಮಗಳೇ" ಅಂದುಬಿಟ್ಟೆ.

ಮತ್ತೆ ಅದೇ ಬಾಯಿ. ಬೆಳಿಗ್ಗೆ ಎದ್ದವನೇ ಗೊತ್ತಿಲ್ಲ ಅಂತ ಹೇಳಬೇಕು. ಆಮೇಲೆ ಡಬ್ಬದ ವಿಷಯ, ಅವಳ ಎದುರಿಗೇ, ಹೇಗೆ ಹೇಳಲಿ?